ಬೆಂಕಿಯ ಬೆಟ್ಟದಲ್ಲಿ ಬೆಳಗಿನ ಜಾವ



ಪರದೆಯ ಮೇಲೆ ನೀವು ನೋಡುತ್ತಿರುವ ಈ ಕಲ್ಲು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ತಾಂಬಾ ಗ್ರಾಮದ ಹೊಲವೊಂದರಲ್ಲಿ ಬಾವಿ ತೋಡುವಾಗ ಮೇಲೆ ಬಂದದ್ದು. ಬಣ್ಣ ಕಪ್ಪು, ಕೈಗೆ ಭಾರ. ಮೈತುಂಬ ಸಣ್ಣ ಸಣ್ಣ ತೂತುಗಳಿವೆ. ಕೆಲವು ತೂತುಗಳಲ್ಲಿ ಬಿಳಿಯ ಹರಳು ಕೂತಿದೆ. ಇಂಥ ಕಲ್ಲು ಸಿಕ್ಕರೆ ನಮ್ಮ ರೈತರು ಬದುವಿಗೆ ಎಸೆದು ಮುಂದಿನ ಕೆಲಸ ನೋಡುತ್ತಾರೆ. ಅದು ಸರಿಯೇ, ಹೊಲದಲ್ಲಿ ಕಲ್ಲಿಗೇನು ಕೆಲಸ? ಆದರೆ ಈ ತೂತುಗಳು ಏನೆಂದು ಒಮ್ಮೆ ಕೇಳಿಕೊಳ್ಳಬೇಕು. ಅವು ಗಾಳಿಯ ಗುಳ್ಳೆಗಳು. ಕುದಿಯುವ ಅಂಬಲಿಯಲ್ಲಿ ಗುಳ್ಳೆ ಏಳುವುದನ್ನು ನೀವು ನೋಡಿದ್ದೀರಿ. ಕಲ್ಲೂ ಒಂದು ಕಾಲಕ್ಕೆ ಹಾಗೆಯೇ ಕುದಿಯುತ್ತಿತ್ತು, ಹರಿಯುತ್ತಿತ್ತು. ಗುಳ್ಳೆ ಹೊರಗೆ ಹೋಗುವ ಮೊದಲೇ ಕಲ್ಲು ಗಟ್ಟಿಯಾಯಿತು. ಮುಂದೆ ನೆಲದೊಳಗಿನ ನೀರು ಆ ಖಾಲಿ ಜಾಗದಲ್ಲಿ ಹರಳು ಕಟ್ಟಿತು. ಅಂದರೆ ಇದು ಜ್ವಾಲಾಮುಖಿಯ ಕಲ್ಲು, ಹೆಸರು ಬಸಾಲ್ಟ್.

ಹಾಗಾದರೆ ತಾಂಬಾದಲ್ಲಿ ಜ್ವಾಲಾಮುಖಿ ಇತ್ತೇ? ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಎಲ್ಲಿ ನಿಂತು ನೋಡಿದರೂ ಕಾಣುವುದು ಬಯಲು. ಜೋಳ, ತೊಗರಿ, ಕಡಲೆ, ಇಂಡಿಯ ಕಡೆ ನಿಂಬೆಯ ತೋಟ. ಪಠ್ಯಪುಸ್ತಕದ ಚಿತ್ರದಲ್ಲಿರುವಂತೆ ತುದಿಯಲ್ಲಿ ಹೊಗೆಯಾಡುವ ಬೆಟ್ಟ ಎಲ್ಲೂ ಇಲ್ಲ. ಇದಕ್ಕೆ ಕಾರಣವಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲವು ಉದ್ದುದ್ದವಾಗಿ ಬಿರಿಯಿತು. ಆ ಬಿರುಕುಗಳಿಂದ ಲಾವಾರಸ ಉಕ್ಕಿ, ಹೊಲಕ್ಕೆ ಕಾಲುವೆಯ ನೀರು ನುಗ್ಗಿದಂತೆ ತಗ್ಗು ಸಿಕ್ಕಲ್ಲೆಲ್ಲ ಹರಡಿತು. ಒಂದು ಹರಿವು ಆರಿದ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು. ಒಂದೇ ಬಾಯಿಯ ಸುತ್ತ ರಾಶಿ ಬಿದ್ದಿದ್ದರೆ ಬೆಟ್ಟವಾಗುತ್ತಿತ್ತು. ಇಲ್ಲಿ ಹರಡಿತು, ಬಯಲಾಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಕಲ್ಲಿನ ಹೊದಿಕೆಯ ಕೆಳಗಿದೆ. ಇದಕ್ಕೆ ದಖ್ಖನ್ ಟ್ರಾಪ್ ಎಂದು ಹೆಸರು. ಟ್ರಾಪ್ ಎಂಬುದು ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲು ಎಂಬ ಅರ್ಥದ ಪದದಿಂದ ಬಂದದ್ದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಹರಿವಿನ ಮೇಲೆ ಹರಿವು ಮೆಟ್ಟಿಲಿನಂತೆ ಕಾಣುತ್ತದೆ, ಅಲ್ಲಿ ಹೊದಿಕೆಯ ದಪ್ಪ 2 ಕಿಲೋಮೀಟರಿಗೂ ಹೆಚ್ಚು. ನಮ್ಮ ವಿಜಯಪುರ ಇದರ ದಕ್ಷಿಣದ ಅಂಚು. ಮುದ್ದೇಬಿಹಾಳದ ಆಚೆ ಕೃಷ್ಣೆಯ ಕಡೆಗೆ ಹೋದಂತೆ ಕರಿಕಲ್ಲು ತೀರಿ, ಅದಕ್ಕಿಂತ ಎಷ್ಟೋ ಹಳೆಯ ಕಲ್ಲುಗಳು ತಲೆ ಎತ್ತುತ್ತವೆ. ನಮ್ಮ ಎರೆಮಣ್ಣು ಈ ಲಾವಾ ಸವೆದು ಆದದ್ದು. ಗೋಲಗುಂಬಜವನ್ನು ಕಟ್ಟಿದ್ದೂ ಈ ಕಲ್ಲಿನಿಂದಲೇ. ಮುಂದಿನ ಸಲ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ, ಪಿಸುಗುಟ್ಟುವ ಗ್ಯಾಲರಿಗೆ ಓಡುವ ಮೊದಲು ಕೆಳಗಿನ ಗೋಡೆಯ ಹತ್ತಿರ ಒಂದು ನಿಮಿಷ ನಿಲ್ಲಿ.

ಇಷ್ಟು ಪೀಠಿಕೆ ಏಕೆಂದರೆ, ಇಂದಿನ ವಿಷಯ ಜ್ವಾಲಾಮುಖಿಯನ್ನು ಹತ್ತಿ ಸೂರ್ಯೋದಯ ನೋಡುವ ಪ್ರವಾಸ. ನಾವು ಲಾವಾದ ಮೇಲೆಯೇ ಹುಟ್ಟಿ ಬೆಳೆದವರು, ಆದರೆ ಹತ್ತಲು ನಮಗೆ ಬೆಟ್ಟವಿಲ್ಲ. ಭಾರತದಲ್ಲಿ ಜೀವಂತವಾಗಿರುವ ಒಂದೇ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಒಂದೂವರೆ ನೂರು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಎದ್ದಿತು, ಆಮೇಲೂ ಹಲವು ಬಾರಿ ಉಗುಳಿದೆ. ಅದನ್ನು ಹಡಗಿನಿಂದ ನೋಡಬಹುದು. ಪ್ರವಾಸಿಗರು ಇಳಿದು ಹತ್ತುವಂತಿಲ್ಲ.

ಹಾಗಾಗಿ ಬಾಲಿ ದ್ವೀಪಕ್ಕೆ ಹೋಗೋಣ. ಇಂಡೊನೇಷ್ಯಾದ ಈ ದ್ವೀಪದಲ್ಲಿ ಬತೂರ್ ಎಂಬ ಜ್ವಾಲಾಮುಖಿ ಇದೆ. ಎತ್ತರ 1,717 ಮೀಟರ್. ನಮ್ಮ ಕುಮಾರಪರ್ವತ 1,712 ಮೀಟರ್, ಹೆಚ್ಚುಕಡಿಮೆ ಅಷ್ಟೇ. ಬತೂರ್ ನಿಂತಿರುವುದು ಒಂದು ದೊಡ್ಡ ಬೋಗುಣಿಯಂಥ ತಗ್ಗಿನೊಳಗೆ. ಬಹಳ ಹಿಂದೆ ಅಲ್ಲಿದ್ದ ಇನ್ನೂ ದೊಡ್ಡ ಜ್ವಾಲಾಮುಖಿ ತನ್ನ ಹೊಟ್ಟೆಯನ್ನು ಖಾಲಿ ಮಾಡಿಕೊಂಡು ಒಳಕ್ಕೆ ಕುಸಿದು ಈ ತಗ್ಗು ಆಯಿತು. ವಿಜ್ಞಾನಿಗಳು ಇದನ್ನು ಕಾಲ್ಡೆರಾ ಎನ್ನುತ್ತಾರೆ. ತಗ್ಗಿನ ಒಂದು ಬದಿಗೆ ಸರೋವರ, ನಡುವೆ ಹೊಸದಾಗಿ ಬೆಳೆದ ಬೆಟ್ಟ.

ಚಾರಣ ಶುರುವಾಗುವುದು ನಸುಕಿನ 4 ಗಂಟೆಯ ಸುಮಾರಿಗೆ. ದೂರದ ಊರುಗಳಲ್ಲಿ ಉಳಿದ ಪ್ರವಾಸಿಗರನ್ನು ವಾಹನಗಳು ನಡುರಾತ್ರಿಯ ಮೇಲೆ ಎಬ್ಬಿಸಿ ಕರೆತರುತ್ತವೆ. ಬುಡದಲ್ಲಿ ಸ್ಥಳೀಯ ಮಾರ್ಗದರ್ಶಕರು ಕಾದಿರುತ್ತಾರೆ. ಕೈಗೊಂದು ಬ್ಯಾಟರಿ ಕೊಟ್ಟು, ತಲೆ ಎಣಿಸಿ, ಹೊರಡುತ್ತಾರೆ. ಮೊದಲು ತೋಟದ ದಾರಿ, ಆಮೇಲೆ ಕುರುಚಲು ಕಾಡು, ಕೊನೆಗೆ ಬರೀ ಕರಿಯ ಜಲ್ಲಿ ಮತ್ತು ಬೂದಿ. ಎರಡು ಹೆಜ್ಜೆ ಮೇಲಕ್ಕೆ ಇಟ್ಟರೆ ಒಂದು ಹೆಜ್ಜೆ ಕೆಳಕ್ಕೆ ಜಾರುತ್ತದೆ. ಎರಡು ಗಂಟೆಯ ಏರು. ಮೇಲಿಂದ ನೋಡಿದರೆ ಬ್ಯಾಟರಿಗಳ ಸಾಲು ಜಾತ್ರೆಯಲ್ಲಿ ದೀಪ ಹಿಡಿದು ಬರುವವರಂತೆ ಕಾಣುತ್ತದೆ. ಅಂಚಿಗೆ ತಲುಪಿದ ಮೇಲೆ ಮಾರ್ಗದರ್ಶಕರು ನೆಲದ ಸಂದಿನಿಂದ ಬರುವ ಬಿಸಿ ಉಗಿಯಲ್ಲಿ ಮೊಟ್ಟೆ, ಬಾಳೆಹಣ್ಣು ಬೇಯಿಸಿ ಕೊಡುತ್ತಾರೆ. ಒಲೆಯೂ ಬೇಡ, ಕಟ್ಟಿಗೆಯೂ ಬೇಡ.

ಒಂದು ಲೆಕ್ಕ ಮಾಡೋಣ. ಸಮುದ್ರಮಟ್ಟದಿಂದ ಪ್ರತಿ ಕಿಲೋಮೀಟರ್ ಮೇಲೆ ಹೋದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ದಂಡೆಯಲ್ಲಿ 26 ಡಿಗ್ರಿ ಇದ್ದರೆ ಬತೂರ್ ತುದಿಯಲ್ಲಿ ಎಷ್ಟು? ಸುಮಾರು 15 ಡಿಗ್ರಿ. ಬೆವರಿದ ಮೈಗೆ ಗಾಳಿ ಬೀಸಿದರೆ ಇನ್ನೂ ಕಡಿಮೆ ಅನಿಸುತ್ತದೆ. ದಂಡೆಯ ಸೆಕೆಗೆಂದು ತೆಳ್ಳನೆಯ ಅಂಗಿಯಲ್ಲಿ ಬಂದವರು ತುದಿಯಲ್ಲಿ ನಡುಗುವುದು ಈ ಸರಳ ಲೆಕ್ಕವನ್ನು ಮರೆತಿದ್ದರಿಂದ. ಇನ್ನೊಂದು ಲೆಕ್ಕವೂ ಇದೆ. ನಾವು ನಿಂತ ಎತ್ತರದ ವರ್ಗಮೂಲವನ್ನು ಮೀಟರಿನಲ್ಲಿ ತೆಗೆದು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವಿದೆ ಎಂದು ತಿಳಿಯುತ್ತದೆ. 50 ಮೀಟರ್ ಎತ್ತರದಿಂದ, ಅಂದರೆ ಸುಮಾರು ಗೋಲಗುಂಬಜದ ಎತ್ತರದಿಂದ, ದಿಗಂತ 25 ಕಿಲೋಮೀಟರ್. ಬತೂರ್ ತುದಿಯ ಎತ್ತರಕ್ಕೆ ಅದು 148 ಕಿಲೋಮೀಟರ್ ಆಗುತ್ತದೆ. ದಿಗಂತ ಕೆಳಗೆ ಸರಿದ ಕಾರಣ ಸೂರ್ಯನೂ ಬೇಗ ಕಾಣುತ್ತಾನೆ. ಎದುರಿಗೆ ಅಡ್ಡ ಬೆಟ್ಟವಿಲ್ಲದಿದ್ದರೆ ಆ ಎತ್ತರದಲ್ಲಿ ನಿಂತವನಿಗೆ, ಸಮುದ್ರದಂಡೆಯಲ್ಲಿ ನಿಂತವನಿಗಿಂತ ಸುಮಾರು 5 ನಿಮಿಷ ಮೊದಲೇ ಸೂರ್ಯೋದಯ.

ಬೆಳಗಿನ ಜಾವವೇ ಏಕೆ ಎಂಬುದಕ್ಕೆ ಬರೀ ಚೆಲುವು ಕಾರಣವಲ್ಲ. ಹೊತ್ತೇರಿದಂತೆ ನೆಲ ಕಾದು ಗಾಳಿ ಮೇಲೇರಿ ಬೆಟ್ಟದ ತಲೆಗೆ ಮೋಡ ಕಟ್ಟುತ್ತದೆ. ಬೆಳಗಿನ ಹೊತ್ತು ಆಕಾಶ ತೆರೆದಿರುವ ಸಂಭವ ಹೆಚ್ಚು. ಆಫ್ರಿಕಾದ ಕಿಲಿಮಂಜಾರೊದಲ್ಲಿ ಇನ್ನೊಂದು ಕಾರಣವಿದೆ. ಅದೂ ಜ್ವಾಲಾಮುಖಿಯೇ, ಎತ್ತರ 5,895 ಮೀಟರ್. ರಾತ್ರಿಯ ಚಳಿಗೆ ಅಲ್ಲಿನ ಸಡಿಲ ಜಲ್ಲಿ ಹೆಪ್ಪುಗಟ್ಟಿ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ, ಬಿಸಿಲು ಬಿದ್ದರೆ ಸಡಿಲವಾಗುತ್ತದೆ. ಆದ್ದರಿಂದ ನಡುರಾತ್ರಿಗೆ ಹೊರಟು ಸೂರ್ಯೋದಯಕ್ಕೆ ಅಂಚು ಮುಟ್ಟುತ್ತಾರೆ, ಇಳಿಯಲು ಇಡೀ ಹಗಲು ಉಳಿದಿರುತ್ತದೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಮಾರ್ಗದರ್ಶಕನಿಲ್ಲದೆ ಅಲ್ಲಿ ಹತ್ತಲು ಬಿಡುವುದಿಲ್ಲ. ಅವನು ದಾರಿಯುದ್ದಕ್ಕೂ ಹೇಳುವುದು ಎರಡೇ ಮಾತು, "ಪೋಲೆ ಪೋಲೆ". ಸ್ವಾಹಿಲಿಯಲ್ಲಿ ಹಾಗೆಂದರೆ ನಿಧಾನ, ನಿಧಾನ.

ಜಪಾನಿನ ಫ್ಯೂಜಿ ಪರ್ವತದ ಮೇಲಿನ ಸೂರ್ಯೋದಯಕ್ಕೆ ಅಲ್ಲಿನವರು ಗೊರೈಕೊ ಎಂದು ಗೌರವದ ಹೆಸರು ಕೊಟ್ಟಿದ್ದಾರೆ. ಅದನ್ನು ನೋಡಲು ನಿದ್ದೆಯಿಲ್ಲದೆ ಒಂದೇ ಉಸಿರಿಗೆ ರಾತ್ರಿಯಿಡೀ ಹತ್ತುವವರು ಹೆಚ್ಚಾಗಿ ಅಪಘಾತಗಳಾದವು. 2024ರಲ್ಲಿ ಅಲ್ಲಿನ ಯಮನಾಶಿ ಪ್ರಾಂತ್ಯ ತನ್ನ ಕಡೆಯ ದಾರಿಗೆ ಶುಲ್ಕ ಹಾಕಿ, ದಿನಕ್ಕೆ 4,000 ಜನರೆಂದು ಮಿತಿ ಮಾಡಿ, ಬೆಟ್ಟದ ಮೇಲಿನ ತಂಗುಮನೆಯಲ್ಲಿ ಜಾಗ ಕಾದಿರಿಸದವರಿಗೆ ರಾತ್ರಿ ಗೇಟು ಮುಚ್ಚಿತು. ಫ್ಯೂಜಿ ಕೊನೆಯ ಸಲ ಬೆಂಕಿ ಉಗುಳಿದ್ದು 1707ರಲ್ಲಿ. ಅಲ್ಲಿ ಸದ್ಯಕ್ಕೆ ಬೆಂಕಿಗಿಂತ ಗುಂಪಿನ ಭಯವೇ ದೊಡ್ಡದು.

ಈಗ ಮಾರ್ಗದರ್ಶಕನ ವಿಷಯ. ನನ್ನ ಮಟ್ಟಿಗೆ ಇಡೀ ಮಾತಿನ ತಿರುಳು ಇದೇ.

ಬತೂರಿನ ಮಾರ್ಗದರ್ಶಕರು ಸುತ್ತಲಿನ ಹಳ್ಳಿಗಳವರು. 1926ರ ಆಗಸ್ಟಿನಲ್ಲಿ ಇದೇ ಬೆಟ್ಟದ ಲಾವಾ ಹಳೆಯ ಬತೂರ್ ಹಳ್ಳಿಯನ್ನೂ ಅದರ ದೇವಾಲಯವನ್ನೂ ಮುಚ್ಚಿಬಿಟ್ಟಿತು. ಜನ ಕಾಲ್ಡೆರಾದ ಮೇಲಿನ ಅಂಚಿಗೆ ಹೋಗಿ ಊರನ್ನೂ ಗುಡಿಯನ್ನೂ ಮತ್ತೆ ಕಟ್ಟಿಕೊಂಡರು. ಅಜ್ಜಂದಿರ ಮನೆಯನ್ನು ನುಂಗಿದ ಬೆಟ್ಟವೇ ಇಂದು ಮೊಮ್ಮಕ್ಕಳಿಗೆ ಅನ್ನ ಕೊಡುತ್ತಿದೆ. ಜಾವಾ ದ್ವೀಪದ ಇಜೆನ್ ಎಂಬಲ್ಲಿ ಇನ್ನೂ ಕಠಿಣವಾದ ಬದುಕಿದೆ. ಅಲ್ಲಿ ಜ್ವಾಲಾಮುಖಿಯ ಕುಳಿಯೊಳಗಿನಿಂದ ಗಂಧಕದ ಗಟ್ಟಿಗಳನ್ನು ಬುಟ್ಟಿಗಳಲ್ಲಿ ಹೊತ್ತು ತರುವ ಕೂಲಿಗಳಿದ್ದಾರೆ. ಒಂದೊಂದು ಹೊರೆ 70 ಕಿಲೋಗೂ ಹೆಚ್ಚು. ರಾತ್ರಿ ಗಂಧಕದ ಅನಿಲ ಹೊತ್ತಿ ನೀಲಿ ಜ್ವಾಲೆ ಕಾಣುತ್ತದೆಂದು ಪ್ರವಾಸಿಗರು ಬರತೊಡಗಿದ ಮೇಲೆ ಕೆಲವರು ಬುಟ್ಟಿ ಇಳಿಸಿ ಮಾರ್ಗದರ್ಶಕರಾದರು. ಗಂಧಕ ಹೊರುವುದಕ್ಕಿಂತ ಜನರನ್ನು ಕರೆದೊಯ್ಯುವುದು ಲೇಸಲ್ಲವೇ? ಪ್ರವಾಸೋದ್ಯಮವನ್ನು ಸಾರಾಸಗಟಾಗಿ ಬೈಯುವವರು ಈ ಹೊರೆಯನ್ನೂ ಒಮ್ಮೆ ನೆನೆಯಬೇಕು.

ಆದರೆ ಅನ್ನ ಬೆಟ್ಟದಿಂದ ಬರುವಾಗ, ಇವತ್ತು ಬೆಟ್ಟ ಬೇಡ ಎನ್ನುವುದು ಬಲು ಕಷ್ಟ. ಪ್ರವಾಸಿಗ ದೂರದಿಂದ ಬಂದಿದ್ದಾನೆ, ಹಣ ಕೊಟ್ಟಿದ್ದಾನೆ, ನಾಳೆ ಅವನ ವಿಮಾನ. ಮಾರ್ಗದರ್ಶಕನಿಗೆ ಹತ್ತಿದರೆ ಕೂಲಿ, ಹತ್ತದಿದ್ದರೆ ಇಲ್ಲ. ಇಂಥ ಹೊತ್ತಿನಲ್ಲಿ ಬೆಟ್ಟದ ಒಳಗೆ ಏನು ನಡೆಯುತ್ತಿದೆ ಎಂಬುದು ಇಬ್ಬರ ಕಣ್ಣಿಗೂ ಕಾಣುವುದಿಲ್ಲ.

ಒಳಗೆ ಏನು ನಡೆಯಬಹುದೆಂದು ತಿಳಿಯಲು ಅಡುಗೆಮನೆಗೆ ಬನ್ನಿ. ಕಾದ ರೊಟ್ಟಿಯ ಹಂಚಿನ ಮೇಲೆ ಅವ್ವ ನೀರು ಚಿಮುಕಿಸಿದರೆ ಚುರ್ ಎಂದು ಸಿಡಿಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಹಂಚಿನ ಮೇಲೆ ಆವಿಗೆ ಜಾಗವಿದೆ. ಬೆಟ್ಟದೊಳಗೆ ಬಂಡೆಯ ಸಂದಿನಲ್ಲಿರುವ ನೀರಿಗೆ ಕೆಳಗಿನ ಕಾವು ತಗುಲಿದರೆ ಜಾಗ ಎಲ್ಲಿದೆ? ಮುಚ್ಚಳವೇ ಹಾರುತ್ತದೆ. ಲಾವಾ ಹೊರಗೆ ಬರದಿದ್ದರೂ ಕಲ್ಲು, ಬೂದಿ, ಉಗಿ ಸಿಡಿದು ಬೀಳುತ್ತವೆ. ಶಿಲಾರಸ ಮೇಲೇರುವಾಗ ನೆಲ ಕಂಪಿಸುತ್ತದೆ, ಉಬ್ಬುತ್ತದೆ, ಉಪಕರಣಗಳು ಅದನ್ನು ಹಿಡಿಯುತ್ತವೆ. ಉಗಿಯ ಸ್ಫೋಟ ಅಷ್ಟು ಸೂಚನೆ ಕೊಡುವುದಿಲ್ಲ. ಜಪಾನಿನ ಒಂಟಾಕೆ ಪರ್ವತ 2014ರ ಸೆಪ್ಟೆಂಬರ್ 27ರಂದು ಮಧ್ಯಾಹ್ನಕ್ಕೆ ಮುಂಚೆ ಹೀಗೆ ಸಿಡಿಯಿತು. ಶನಿವಾರ, ಒಳ್ಳೆಯ ಬಿಸಿಲು, ತುದಿಯಲ್ಲಿ ಜನ ಬುತ್ತಿ ಬಿಚ್ಚುವ ಹೊತ್ತು. ಎಚ್ಚರಿಕೆಯ ಮಟ್ಟ ಅತಿ ಕೆಳಗಿನದೇ ಆಗಿತ್ತು. 58 ಮಂದಿ ಸತ್ತರು, ಐವರು ಇಂದಿಗೂ ಸಿಕ್ಕಿಲ್ಲ. ಇಲ್ಲಿ ಯಾರನ್ನು ದೂರುವುದು?

ಸುಮಾತ್ರಾದ ಮರಾಪಿ ಪರ್ವತದ ಕಥೆ ಬೇರೆ. ಅದರ ಎತ್ತರ 2,891 ಮೀಟರ್. ಇಂಡೊನೇಷ್ಯಾದಲ್ಲಿ ಜ್ವಾಲಾಮುಖಿಗಳಿಗೆ ನಾಲ್ಕು ಹಂತದ ಎಚ್ಚರಿಕೆ ಇದೆ. ಮರಾಪಿ ಹಲವು ವರ್ಷಗಳಿಂದ ಎರಡನೆಯ ಹಂತದಲ್ಲಿತ್ತು. ಬಾಯಿಯಿಂದ 3 ಕಿಲೋಮೀಟರ್ ಒಳಗೆ ಹೋಗಬೇಡಿ ಎಂದು ವಿಜ್ಞಾನಿಗಳು ಹೇಳಿದ್ದರು. ಹಾಗಿದ್ದೂ ಚಾರಣಕ್ಕೆ ಅನುಮತಿ ಚೀಟಿ ಸಿಗುತ್ತಿತ್ತು, ಜನ ಹತ್ತುತ್ತಿದ್ದರು. 2023ರ ಡಿಸೆಂಬರ್ 3ರಂದು ಬೆಟ್ಟ ಸಿಡಿದಾಗ ಅದರ ಮೇಲೆ 75 ಚಾರಣಿಗರಿದ್ದರು. 24 ಮಂದಿ ಉಳಿಯಲಿಲ್ಲ. ಅವರಲ್ಲಿ ಹಲವರು ನಿಮ್ಮಂತೆಯೇ ಕಾಲೇಜು ವಿದ್ಯಾರ್ಥಿಗಳು. ಒಂದು ಕಚೇರಿ ಬೇಡ ಎಂದಿತು, ಇನ್ನೊಂದು ಕಡೆ ಚೀಟಿ ಕೊಟ್ಟರು. ಇವೆರಡರ ನಡುವಿನ ಸಂದಿನಲ್ಲಿ ಆ ಮಕ್ಕಳು ಬಿದ್ದರು ಎಂದೇ ನಾನು ಹೇಳುತ್ತೇನೆ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲೂ ಹೀಗೆಯೇ. 2019ರ ನವೆಂಬರಿನಲ್ಲಿ ಎಚ್ಚರಿಕೆಯ ಮಟ್ಟ ಏರಿಸಿದ್ದರು, ಪ್ರವಾಸ ಮಾತ್ರ ನಿಂತಿರಲಿಲ್ಲ. ಡಿಸೆಂಬರ್ 9ರಂದು ಸಿಡಿದಾಗ ದ್ವೀಪದ ಮೇಲಿದ್ದವರು 47, ಸತ್ತವರು 22. ಅವರಲ್ಲಿ ಇಬ್ಬರು ಮಾರ್ಗದರ್ಶಕರು. ಕರೆದೊಯ್ದವನು ಬದುಕುತ್ತಾನೆ, ಹೋದವನು ಸಾಯುತ್ತಾನೆ ಎಂಬ ಭೇದ ಬೆಟ್ಟಕ್ಕೆ ಗೊತ್ತಿಲ್ಲ.

ಬೆಂಕಿಯೇ ಬೇಕೆಂದಿಲ್ಲ, ಕತ್ತಲೆಯೂ ಸಾಕು. ಇಂಡೊನೇಷ್ಯಾದ ರಿಂಜಾನಿ ಪರ್ವತದಲ್ಲಿ 2025ರ ಜೂನ್ 21ರ ನಸುಕಿನಲ್ಲಿ ತುದಿಗೆ ಹೊರಟಿದ್ದ ಬ್ರೆಜಿಲ್ ದೇಶದ ಯುವತಿಯೊಬ್ಬಳು ದಣಿದು ಹಿಂದೆ ಉಳಿದಿದ್ದಳು, ಗುಂಪು ಮುಂದೆ ಹೋಗಿತ್ತು ಎಂದು ವರದಿಗಳು ಹೇಳಿದವು. ಕಡಿದಾದ ಬದಿಯಿಂದ ಆಕೆ ಕೆಳಗೆ ಬಿದ್ದಳು. ಅವಳ ಹತ್ತಿರ ತಲುಪಲು ದಿನಗಳೇ ಹಿಡಿದವು, ಆ ಹೊತ್ತಿಗೆ ಜೀವ ಹೋಗಿತ್ತು. ಗುಂಪಿನ ವೇಗವನ್ನು ಎಲ್ಲರಿಗಿಂತ ಹಿಂದೆ ಇರುವವರ ಕಾಲು ನಿರ್ಧರಿಸಬೇಕು. ಸೂರ್ಯ ಯಾರಿಗೂ ಕಾಯುವುದಿಲ್ಲ, ಹಾಗೆಂದು ದಣಿದವರನ್ನು ಕತ್ತಲಲ್ಲಿ ಬಿಟ್ಟು ಓಡುವುದು ಚಾರಣವಲ್ಲ. ಒಳ್ಳೆಯ ಮಾರ್ಗದರ್ಶಕ ಎಂಥವನೆಂದು ನನ್ನನ್ನು ಕೇಳಿದರೆ, ಹೊರಡುವ ಮೊದಲು ಹವೆಯನ್ನೂ ಎಚ್ಚರಿಕೆಯ ಮಟ್ಟವನ್ನೂ ನೋಡಿಕೊಂಡವನು, ಹಿಂದಿನವರನ್ನು ತಿರುಗಿ ತಿರುಗಿ ಎಣಿಸುವವನು, ಅರ್ಧ ದಾರಿಯಲ್ಲಿ ವಾಪಸ್ ಎಂದರೆ ಕೂಲಿ ಹೋದರೂ ವಾಪಸ್ ಎನ್ನುವವನು. ಅವನಿಗೆ ಆ ಧೈರ್ಯ ಬರಬೇಕಾದರೆ, ತುದಿ ಮುಟ್ಟದಿದ್ದರೂ ಪೂರ್ತಿ ಕೂಲಿ ಕೊಡುವೆವು ಎಂದು ಪ್ರವಾಸಿಗರು ಬುಡದಲ್ಲೇ ಹೇಳಬೇಕು. ಹಾಗೆ ಹೇಳುವವರು ಕಡಿಮೆ.

ಅನಿಲದ ಬಗ್ಗೆಯೂ ಒಂದು ಮಾತು. ಜ್ವಾಲಾಮುಖಿಯಿಂದ ಬರುವ ಇಂಗಾಲದ ಡೈ ಆಕ್ಸೈಡಿಗೆ ವಾಸನೆಯಿಲ್ಲ, ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಚಳಿಗೆ ಮರೆಯೆಂದು ಕುಳಿಯ ತಗ್ಗಿನಲ್ಲಿ ಕೂರಬೇಡಿ ಎಂದು ಮಾರ್ಗದರ್ಶಕ ಗದರುವುದು ಇದಕ್ಕೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗನ್ನೇ ಜಡಗೊಳಿಸುತ್ತದೆ. ನಾತ ನಿಂತಿತೆಂದು ಸಮಾಧಾನಪಡುವಂತಿಲ್ಲ.

ನಮ್ಮ ಕರ್ನಾಟಕದಲ್ಲಿ ಸೂರ್ಯೋದಯಕ್ಕೆ ಹತ್ತುವ ಬೆಟ್ಟಗಳು ಹಲವಿವೆ. ಚಿಕ್ಕಬಳ್ಳಾಪುರದ ಸ್ಕಂದಗಿರಿಯ ಮೇಲೆ ನಿಂತರೆ ಚಳಿಗಾಲದ ಬೆಳಗಿನಲ್ಲಿ ಮೋಡ ಕಾಲ ಕೆಳಗೆ ಹಾಸಿರುತ್ತದೆ. ಅದನ್ನಾಗಲಿ ನಂದಿಬೆಟ್ಟವನ್ನಾಗಲಿ ಸತ್ತ ಜ್ವಾಲಾಮುಖಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವು ಗ್ರಾನೈಟ್ ಜಾತಿಯ ಕಲ್ಲಿನ ಬೆಟ್ಟಗಳು. ಆ ಕಲ್ಲು ನೆಲದ ಆಳದಲ್ಲಿ ನಿಧಾನವಾಗಿ ತಣಿದದ್ದು, ಮೇಲಿನ ಮಣ್ಣು ಕಲ್ಲು ಸವೆದು ಹೊರಗೆ ಕಂಡದ್ದು. ಸ್ಕಂದಗಿರಿಗೆ ಹಿಂದೆ ರಾತ್ರಿ ಮನಬಂದಂತೆ ಹತ್ತುತ್ತಿದ್ದರು. ಈಗ ಮೊದಲೇ ಹೆಸರು ನೋಂದಾಯಿಸಿ, ಗೊತ್ತಾದ ಹೊತ್ತಿಗೆ ಹೋಗಬೇಕು. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿ, ಕಾಡಿನ ದಾರಿ ಸಂತೆಯಾಯಿತು. ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ನೋಂದಣಿ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಂತು. ಗೊಣಗಿದವರಿದ್ದಾರೆ. ನನಗಂತೂ ಇದು ತಡವಾಗಿ ಬಂದ ಒಳ್ಳೆಯ ಕೆಲಸ ಅನಿಸುತ್ತದೆ.

ಲಾವಾವನ್ನೇ ನೋಡಬೇಕೆಂಬ ಆಸೆಯಿದ್ದರೆ ಅದಕ್ಕೂ ಕರ್ನಾಟಕದಲ್ಲಿ ಜಾಗಗಳಿವೆ, ಆರಿ ತಣ್ಣಗಾಗಿ ಕಾಯುತ್ತಿವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಇದೆ. ನೀರು ತಗುಲಿದ ಕ್ಷಣವೇ ಹೊರಗಿನ ಚರ್ಮ ಗಟ್ಟಿಯಾಗಿ, ಎಣ್ಣೆಗೆ ಬಿಟ್ಟ ಬೋಂಡಾದಂತೆ ಒಂದೊಂದೂ ದುಂಡಗಾಗಿ, ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುತ್ತದೆ. ಅಂದರೆ ಇಂದು ಮಳೆಗೆ ಮುಗಿಲು ನೋಡುವ ಚಿತ್ರದುರ್ಗ ಒಂದು ಕಾಲಕ್ಕೆ ಕಡಲಿನಡಿ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಉಡುಪಿಯ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಗಳೂ ಹಾಗೆಯೇ ಸ್ಮಾರಕ. ಅಲ್ಲಿನ ಕಲ್ಲು ಸುಮಾರು 8 ಕೋಟಿ 80 ಲಕ್ಷ ವರ್ಷ ಹಳೆಯದು, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದ್ದು. ಲಾವಾ ತಣಿದು ಕುಗ್ಗಿದಾಗ ಬಿರುಕು ಬಿಟ್ಟು ಕಂಬಗಳಾಗಿ ಸೀಳಿತು. ಬೇಸಿಗೆಯಲ್ಲಿ ತಾಂಬಾದ ಎರೆಹೊಲ ಒಣಗಿ ಬಿರಿಯುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ಲಿ ನೀರು ಹೋಗಿ ಕುಗ್ಗುತ್ತದೆ, ಇಲ್ಲಿ ಕಾವು ಹೋಗಿ ಕುಗ್ಗಿತು. ಕಂಬಗಳ ತಲೆಯ ಮೂಲೆಗಳನ್ನು ಎಣಿಸಿ, ಆರು ಮೂಲೆಯವು ಮಾತ್ರವಲ್ಲ, ಐದು, ಏಳು ಮೂಲೆಯವೂ ಸಿಗುತ್ತವೆ. ಸೂರ್ಯೋದಯಕ್ಕೆ ಮಾತ್ರ ಈ ದ್ವೀಪ ಸಲ್ಲದು, ಅಲ್ಲಿ ಸೂರ್ಯ ಹುಟ್ಟುವುದು ಕರಾವಳಿಯ ನೆಲದ ಕಡೆಯಿಂದ. ಮಲ್ಪೆಯಿಂದ ದೋಣಿಗಳು ಹೋಗುತ್ತವೆ, ಮಳೆಗಾಲದಲ್ಲಿ ಇರುವುದಿಲ್ಲ. ಹೋಗುವವರು ಅಳೆಯುವ ಪಟ್ಟಿ, ಪೆನ್ಸಿಲ್, ಹಾಳೆ ಇಟ್ಟುಕೊಳ್ಳಿ, ಸುತ್ತಿಗೆ ಬೇಡ.